ಭಂಡಾರ ಮುಟ್ಟಿ ಆರಿಸಿದ ಲೈನು

ಹೋದ ವಾರ ಹಿತ್ತಲಲ್ಲಿ ತುಕ್ಕು ಹಿಡಿದ ಮೊಳೆ ತುಳಿದೆ. ಇಂಜೆಕ್ಷನ್ ಮಾಡಿಸಲು ಚಿಕ್ಕೋಡಿಯ ದವಾಖಾನೆಗೆ ಹೋದರೆ, ಸಿಸ್ಟರ್ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನನ್ನ ತೋಳು ಒರೆಸಿದಳು. ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ನನ್ನ ಕೈ ತಾನಾಗಿ ಮುಷ್ಟಿಯಾಯಿತು. "ಕೈ ಸಡಿಲ ಬಿಡ್ರಿ ಅಕ್ಕಾರ, ಸೂಜಿ ಇನ್ನೂ ಚುಚ್ಚೇ ಇಲ್ಲ," ಎಂದು ಹುಡುಗಿ ನಕ್ಕಳು. ನಾನು ಸೂಜಿಗೆ ಹೆದರಿದೆ ಅಂದುಕೊಂಡಿರಬೇಕು. ಹಾರೆ ಎತ್ತಿ ಒಬ್ಬ ಪೈಲ್ವಾನನ ಮೊಣಕಾಲು ಮುರಿದವಳು ನಾನು, ಸೂಜಿಗೆ ಯಾಕೆ ಹೆದರಲಿ? ಆದರೆ ಅದನ್ನು ಆ ಹುಡುಗಿಗೆ ಹೇಳುವುದು ಹೇಗೆ? ಸುಮ್ಮನೆ ಕೈ ಸಡಿಲ ಬಿಟ್ಟೆ.

ಉಳಿದವರಿಗೆ ಸ್ಪಿರಿಟ್ಟಿನ ವಾಸನೆಯೆಂದರೆ ದವಾಖಾನೆ. ನನಗೆ ಮಾತ್ರ ಅದು ನಮ್ಮೂರಿಗೆ ಫೈಬರ್ ಬಂದ ಆ ಕಬ್ಬಿನ ಹಂಗಾಮು.

ನಿಪ್ಪಾಣಿ ಹತ್ತಿರದ ಭೋಜದಿಂದ ಹೊಳೆಯ ಕಡೆ ಇಳಿದರೆ ನಮ್ಮೂರು. ಮೂರು ದಿಕ್ಕಿಗೆ ಕಬ್ಬು, ಒಂದು ದಿಕ್ಕಿಗೆ ಮಹಾರಾಷ್ಟ್ರ. ನಮ್ಮ ಫೋನುಗಳೂ ಆಚೆ ರಾಜ್ಯದ ಟವರನ್ನೇ ಹಿಡಿಯುತ್ತಿದ್ದವು, ಅದೂ ಮನಸ್ಸು ಬಂದಾಗ. ಬುದ್ಧ ವಿಹಾರದ ಓಣಿಯಲ್ಲಿ, ತವರಿನ ಪಕ್ಕದಲ್ಲೇ, ನನ್ನ ಮನೆ. ಯಜಮಾನರು ಬಸ್ಸಿನ ಕಂಡಕ್ಟರ್, ವಾರಕ್ಕೊಮ್ಮೆ ಮುಖ ತೋರಿಸುವವರು. ಮನೆಯ ಮುಂದಿನ ಕೋಣೆಯಲ್ಲಿ ನಾನು ಆನ್‌ಲೈನ್ ಅಂಗಡಿ ಇಟ್ಟಿದ್ದೆ. ಹೊಲದ ಪಹಣಿ ಉತಾರ, ಪಿಂಚಣಿ, ಆಧಾರ್, ಸ್ಕಾಲರ್‌ಶಿಪ್ಪು, ಎಲ್ಲದಕ್ಕೂ ಬೆರಳಚ್ಚು, ಎಲ್ಲದಕ್ಕೂ ನೆಟ್ಟು. ಆ ನೆಟ್ಟೇ ಇರುತ್ತಿರಲಿಲ್ಲ. ಮಾಳಿಗೆಯ ಮೇಲೆ ಬಿದಿರ ಕೋಲಿಗೆ ಡಾಂಗಲ್ ಕಟ್ಟಿ, ಉದ್ದನೆಯ ವಾಯರ್ ಇಳಿಬಿಟ್ಟು, ಪರದೆಯ ಮೇಲೆ ಗುಂಡಗೆ ತಿರುಗುವ ಗಾಲಿಯನ್ನು ನೋಡುತ್ತ ಕೂರುವುದೇ ನನ್ನ ಉದ್ಯೋಗ. ವಿಧವಾ ಪಿಂಚಣಿಯ ಗಂಗವ್ವ ಹೆಬ್ಬೆರಳನ್ನು ಗಾಜಿನ ಮೇಲೆ ಒತ್ತಿ ಕೂತು ಕೂತು ಒಂದು ದಿನ, "ಬೆರಳ ಕಡದ ಇಟ್ಟ ಹೋಗ್ತೀನಿ ತಂಗಿ, ಅದು ಬಂದಾಗ ಒತ್ತಕೋ, ನನ್ನ ಎಮ್ಮಿ ಕಾಯಾಕತ್ತೈತಿ," ಎಂದಿದ್ದಳು. ಅಂಗಡಿಯಲ್ಲಿದ್ದವರೆಲ್ಲ ನಕ್ಕಿದ್ದೆವು. ಆ ಮಾತಿಗೆ ನಗುವುದು ಈಗ ನನ್ನಿಂದಾಗದು.

ಆ ವರ್ಷ ದಸರೆ ಮುಗಿದ ಮೇಲೆ ಒಂದೇ ತಿಂಗಳಲ್ಲಿ ಇಬ್ಬರು ಬಂದರು. ಒಬ್ಬರು ನಿಪ್ಪಾಣಿಯ ಸಣ್ಣ ಕಂಪನಿಯವರು. ರಸ್ತೆಯ ಬದಿಗೆ ಚರ ತೋಡಿ, ಪೈಪಿನೊಳಗೆ ಫೈಬರ್ ಹಾಕಿ, ಮನೆಯ ಒಳಗಿನವರೆಗೂ ಅದನ್ನೇ ತರುತ್ತೇವೆ ಎಂದರು. ನನ್ನ ತಮ್ಮ ಮಿಲಿಂದ ಅವರಲ್ಲೇ ಕೆಲಸಕ್ಕಿದ್ದ. ಇನ್ನೊಬ್ಬ ನಮ್ಮೂರಿನ ಬಾಳು ಪೈಲ್ವಾನ. ಹದಿನೈದು ವರ್ಷದಿಂದ ಊರಿಗೆ ಟಿವಿ ಕೇಬಲ್ ಕೊಟ್ಟವನು. ಒಂದು ಕಾಲಕ್ಕೆ ನಿಪ್ಪಾಣಿ ಕಡೆಯ ಕುಸ್ತಿಯಲ್ಲಿ ಬೆಳ್ಳಿ ಗದೆ ಗೆದ್ದವನು. ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ಬಿದಿರು ಕಡಿಯುವವನು ಅವನೇ. ನಮ್ಮವ್ವ ತೀರಿಕೊಂಡಾಗ ನಮ್ಮ ಓಣಿಗೂ ಬಂದಿದ್ದ. ಆ ಒಂದು ಮಾತನ್ನು ನಾನು ಮರೆಮಾಚುವುದಿಲ್ಲ.

ತಮ್ಮನಿದ್ದಾನೆಂದು ನಾನು ನಿಪ್ಪಾಣಿಯವರನ್ನು ಆರಿಸಿದೆ ಎಂದು ಊರಲ್ಲಿ ಅಂದರು. ಸುಳ್ಳು. ಒಂದು ಭಾನುವಾರ ಮಿಲಿಂದನನ್ನು ಕೂಡಿಸಿಕೊಂಡು, ಹೆಣ್ಣು ಕೊಡುವವರು ಕೇಳಿದ ಹಾಗೆ ಕೇಳಿದ್ದೇನೆ. ಲೈನು ಎಲ್ಲಿಂದ ಹೊರಡುತ್ತದೆ? ಹೊಳೆ ಬಂದಾಗ ಏನಾಗುತ್ತದೆ? ಕರೆಂಟು ಹೋದರೆ? ಕಡಿದರೆ ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ? ಅವನು ಚೀಲದಿಂದ ಒಂದು ತುಂಡು ತೆಗೆದು, ಮೇಲಿನ ಸಿಪ್ಪೆ ಸುಲಿದು, ಒಳಗಿನ ಎಳೆಯನ್ನು ನನ್ನ ಅಂಗೈ ಮೇಲೆ ಇಟ್ಟ. ಗಾಜು. ತಲೆಗೂದಲಿನಷ್ಟು ಸಣ್ಣ. "ಇದು ನಿನ್ನ ಟೇಬಲ್ ಮಟಾ ಬರಬೇಕು ಅಕ್ಕಾ. ನಡುವ ಎಲ್ಲ್ಯಾರ ತಾಮ್ರದ ವಾಯರ್ ಸೇರ್ತಂದ್ರ ಮುಗೀತು, ಮತ್ತ ಅದ ಗಾಲಿ ತಿರುಗತೈತಿ," ಎಂದ.

ಆ ಎಳೆಯನ್ನು ಜೋಡಿಸುವುದು ಅವನ ಕೆಲಸ. ಟಿಫಿನ್ ಡಬ್ಬಿಯಷ್ಟು ದೊಡ್ಡದೊಂದು ಮಷೀನು. ಎರಡು ತುದಿಗಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಒಂದೇ ಸಮ ಕತ್ತರಿಸಿ, ಮಷೀನಿನೊಳಗೆ ಎದುರುಬದುರು ಇಟ್ಟರೆ ಒಂದು ಕಿಡಿ ಹಾರಿ ಎರಡೂ ಬೆಸೆದು ಒಂದಾಗುತ್ತವೆ. ಇಡುವಾಗ ಕೈ ನಡುಗಬಾರದು. ಹೆಬ್ಬೆರಳು, ತೋರುಬೆರಳು, ಇವೆರಡರ ನಡುವಿನ ಹಿಡಿತದಲ್ಲೇ ಎಲ್ಲಾ ಇದೆ. ಕಂಪನಿಯ ಸಾಹೇಬರು ಅವನ ಕೈ ನೋಡಿಯೇ ಕೆಲಸ ಕೊಟ್ಟಿದ್ದರು. ಈ ಹಂಗಾಮು ನಮ್ಮ ಕಡೆಯ ಲೈನನ್ನು ಚೆನ್ನಾಗಿ ನೋಡಿಕೊಂಡರೆ ಕಾಯಂ ಮಾಡುತ್ತೇವೆ ಎಂದಿದ್ದರು. ಅವ್ವ ಹೋದ ಮೇಲೆ ನಾನೇ ಸಾಕಿದ ಹುಡುಗ. ಅವನ ಆ ಎರಡು ಬೆರಳ ಮೇಲೆ ನಮ್ಮ ಮನೆಯ ಆಸೆಯೆಲ್ಲ ನಿಂತಿತ್ತು.

ಯಾರದು ತಗೊಳ್ಳಬೇಕೆಂದು ತೀರ್ಮಾನಿಸಲು ಚಾವಡಿಯಲ್ಲಿ ಊರು ಸೇರಿತು. ನಮ್ಮ ಓಣಿಯವರು ಬೇವಿನ ಗಿಡದ ಕೆಳಗೆ ನಿಂತಿದ್ದೆವು. ಕುಂದರಬ್ಯಾಡ್ರಿ ಎಂದು ಯಾರೂ ಅನ್ನಲಿಲ್ಲ, ಕುಂದರ್ರಿ ಎಂದೂ ಅನ್ನಲಿಲ್ಲ. ಪೈಲ್ವಾನ ಎದ್ದು ನಿಂತು, "ನಿಪ್ಪಾಣಿಯವರು ಇವತ್ತ ಬರ್ತಾರ, ನಾಳೆ ಗಂಟ ಕಟ್ಟತಾರ. ನಾ ಎಲ್ಲಿ ಹೋಗ್ಲಿ? ನನ್ನ ಮನಿ ಇಲ್ಲೇ ಐತಿ, ನನ್ನ ಸುಡಗಾಡ ಇಲ್ಲೇ ಐತಿ. ಫೈಬರ್ ನಾನೂ ಕೊಡ್ತೀನಿ," ಎಂದ. ಮಂದಿ ತಲೆ ಆಡಿಸಿದರು. ಹಾಲಿನ ಡೇರಿಯ ಸೆಕ್ರೆಟರಿ ಕಲ್ಲಪ್ಪ ಕಾಕಾ ಊರಿಗೆ ಹಿರಿಯ. ಆತ ಹೇಳಿದ: "ಅರ್ಧ ಮಂದಿ ಅಲ್ಲಿ, ಅರ್ಧ ಮಂದಿ ಇಲ್ಲಿ ಅಂದ್ರ ಯಾರದೂ ನೆಟ್ಟಗ ಆಗಂಗಿಲ್ಲ. ಊರಿಗೆ ಒಂದ ಮಾತ ಆಗ್ಲಿ. ಭಂಡಾರ ತರ್ರಿ."

ಭಂಡಾರವೆಂದರೆ ಬೀರದೇವರ ಗುಡಿಯ ಅರಿಶಿನ. ಅದನ್ನು ಮುಟ್ಟಿ ಆಡಿದ ಮಾತು ನಮ್ಮ ಕಡೆ ಕೋರ್ಟಿನ ಸಹಿಗಿಂತ ಗಟ್ಟಿ. ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ಗಂಡಹೆಂಡಿರ ವ್ಯಾಜ್ಯ, ಎಲ್ಲವೂ ಅದರ ಮುಂದೆ ಮುಗಿಯುತ್ತಿದ್ದವು. ಆದರೆ ಯಾರ ಸಾಬೂನು ಹಚ್ಚಿಕೊಳ್ಳಬೇಕು, ಯಾರ ನೆಟ್ಟು ಹಾಕಿಸಬೇಕು ಎನ್ನುವುದಕ್ಕೆಲ್ಲ ಭಂಡಾರ ಮುಟ್ಟಿದ ಊರು ನಮ್ಮದೊಂದೇ ಇರಬೇಕು. ತಟ್ಟೆ ಸುತ್ತಲೂ ಹೋಯಿತು. ಒಬ್ಬೊಬ್ಬರೂ ಬೆರಳು ಅದ್ದಿ, ಬಾಳು ಪೈಲ್ವಾನನ ಹೊರತು ಬೇರೆಯವರ ಲೈನು ನಮ್ಮ ಮನೆಗೆ ಬೇಡ ಎಂದರು. ನಾವು ಬುದ್ಧನ ಮಂದಿ, ಭಂಡಾರ ಮುಟ್ಟುವವರಲ್ಲ. ತಟ್ಟೆ ಬೇವಿನ ಗಿಡದವರೆಗೆ ಬರಲೂ ಇಲ್ಲ.

ಮಿಲಿಂದ ನನ್ನ ಕಿವಿಯ ಹತ್ತಿರ ಬಾಗಿದ. "ಅಕ್ಕಾ, ಅವ್ರದು ಚಾವಡಿ ಮಟಾ ಅಷ್ಟ ಫೈಬರ್. ಅಲ್ಲಿಂದ ಮನಿ ಮನಿಗೆ ಅದ ಹಳೇ ಟಿವಿ ವಾಯರ್, ಕಂಬದ ಮ್ಯಾಲ. ಮಂದಿಗೆ ಗೊತ್ತಿಲ್ಲ. ಹೇಳ್ತೀನಿ." ಹೇಳಲೆಂದು ಬಲಗೈ ಮೇಲೆತ್ತಿದ. ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ನಾನು ಕೆಳಗೆ ಎಳೆದೆ. "ನಿನ್ನ ಯಾರ ಕೇಳ್ಯಾರ? ಸುಮ್ನ ನಿಂದ್ರು," ಎಂದೆ. ಕೂಡಿಸಿಕೊಳ್ಳದವರಿಗೆ ಬುದ್ಧಿ ಹೇಳುವ ದರ್ದು ನಮಗೇನು, ಅನುಭವಿಸಲಿ ಎಂದುಕೊಂಡೆ. ಅನುಭವಿಸಲಿ ಎಂದುಕೊಂಡದ್ದು ಮಾತ್ರವಲ್ಲ, ಮನೆಗೆ ಬರುವ ದಾರಿಯಲ್ಲಿ ಒಳಗೊಳಗೇ ಖುಷಿಯನ್ನೂ ಪಟ್ಟೆ.

ನಮ್ಮ ಓಣಿಗೆ ಮಾತ್ರ ನಿಪ್ಪಾಣಿಯ ಲೈನು ಬಂತು. ಓಣಿಯ ಬಾಯಿಗೆ ಒಂದು ಗುಂಡಿ ತೋಡಿ, ಇಟ್ಟಿಗೆ ಕಟ್ಟಿ, ಮೇಲೆ ಸಿಮೆಂಟಿನ ಮುಚ್ಚಳ ಹಾಕಿದರು. ಅದಕ್ಕೆ ಚೇಂಬರ್ ಎನ್ನುತ್ತಾರೆ. ಅಲ್ಲಿಂದ ಎಳೆ ಎಳೆಯಾಗಿ ನಮ್ಮ ಮನೆಗಳಿಗೆ. ಮಿಲಿಂದ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಎಳೆ ಬೆಸೆದ. ಸ್ಪಿರಿಟ್ಟಿನ ವಾಸನೆ ಓಣಿಗೆಲ್ಲ ಹರಡಿತ್ತು. ಅಂಗಡಿಯ ಪರದೆಯಲ್ಲಿ ಗಾಲಿ ತಿರುಗುವುದು ನಿಂತಿತು. ಅದೇ ವಾರ ಊರ ಮೇಲೆಲ್ಲ ಪೈಲ್ವಾನನ ಕರಿ ವಾಯರು ಕಂಬದಿಂದ ಕಂಬಕ್ಕೆ ಜೋತುಬಿದ್ದವು. ಮೊದಲ ಹದಿನೈದು ದಿನ ಅವನದೂ ಚೆನ್ನಾಗಿಯೇ ನಡೆಯಿತು.

ಆಮೇಲೆ ಸಕ್ಕರೆ ಫ್ಯಾಕ್ಟರಿಯ ಭೋಂಗಾ ಕೂಗಿತು, ಕಬ್ಬಿನ ಹಂಗಾಮು ಶುರುವಾಯಿತು. ಹಂಗಾಮಿನಲ್ಲಿ ನಮ್ಮೂರು ಊರಾಗಿರುವುದಿಲ್ಲ. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಮಾಳಿಗೆಗಿಂತ ಎತ್ತರ ಕಬ್ಬು ಹೇರಿಕೊಂಡು, ಕಿವಿ ಹರಿಯುವಂತೆ ಹಾಡು ಹಾಕಿಕೊಂಡು ನುಗ್ಗುತ್ತವೆ. ಮೊದಲ ದಿನವೇ ಒಂದು ಹೇರು ಪೈಲ್ವಾನನ ವಾಯರಿಗೆ ಸಿಕ್ಕಿಕೊಂಡಿತು. ಡ್ರೈವರಿಗೆ ಅದು ಗೊತ್ತಾಗಲೇ ಇಲ್ಲ. ವಾಯರು ಎಳೆದ ರಭಸಕ್ಕೆ ಒಂದು ಕಂಬ ಬುಡಸಮೇತ ಕಿತ್ತು ಬಂದು ಕಿರಾಣಿ ಅಂಗಡಿಯ ತಗಡಿನ ಮೇಲೆ ಬಿತ್ತು. ಮಂದಿ ಡ್ರೈವರನ್ನು ಕೆಳಗೆಳೆದು ಚಪ್ಪಲಿಯಿಂದ ಹೊಡೆದರು. ಕಟ್ಟಿ ಮುಗಿಸುವುದರೊಳಗೆ ಇನ್ನೊಂದು ಕಡೆ ಹರಿಯಿತು. ಕಬ್ಬು ಕಡಿದ ಹೊಲಗಳಲ್ಲಿ ರವದಿಗೆ ಬೆಂಕಿ ಇಟ್ಟರು. ಒಣಗಿದ ಗರಿಯ ಬೆಂಕಿಗೆ ಹೆಂಡತಿ ಮಕ್ಕಳಿಲ್ಲ, ಗಾಳಿ ತಿರುಗಿದರೆ ಆಳೆತ್ತರ ಜಿಗಿಯುತ್ತದೆ. ಹೊಲದ ಮೇಲೆ ಹಾದ ವಾಯರು ಕರಗಿ, ಉರಿಯುವ ಹನಿಗಳಾಗಿ ತೊಟ್ಟಿಕ್ಕಿದ್ದನ್ನು ನಾನೇ ನೋಡಿದ್ದೇನೆ. ಕೆಳಗೆ ಓಡುತ್ತಿದ್ದ ಒಂದು ಮೇಕೆಯ ಬೆನ್ನಿಗೆ ಅಂಟಿಕೊಂಡು, ಅದು ಒದರಿದ ದನಿ ಇನ್ನೂ ಕಿವಿಯಲ್ಲಿದೆ.

ನಮ್ಮ ಲೈನು ನೆಲದೊಳಗೆ ತಣ್ಣಗಿತ್ತು. ಮಂದಿ ನಮ್ಮ ಓಣಿಗೆ ಬರತೊಡಗಿದರು. ಎಂದೂ ಈ ಕಡೆ ಕಾಲಿಡದವರು ನನ್ನ ಬೆಂಚಿನ ಮೇಲೆ ಕೂತು, ನನ್ನ ಗಡಿಗೆಯ ನೀರು ಕುಡಿದರು. ಕಲ್ಲಪ್ಪ ಕಾಕಾ ಡೇರಿಯ ಲೆಕ್ಕ ಕಳಿಸಲು ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ದಿನಾ ಬಂದ. ಹುಡುಗರು ನಮ್ಮ ವೈಫೈ ಹಿಡಿಯಲು ಓಣಿಯ ಬಾಯಲ್ಲಿ ಸಾಲಾಗಿ ನಿಂತರು. "ಲೈನು ಹಾಕಿಸಿಕೊಂಡು ಬಿಡ್ರಿ ಕಾಕಾ," ಎಂದು ಚುಚ್ಚಿದರೆ ಕಾಕಾ ಕಿವಿ ಮುಟ್ಟಿಕೊಂಡು, "ಭಂಡಾರ ಮುಟ್ಟೀವಿ ತಂಗಿ. ಮನಿಗೆ ತಗೊಳ್ಳಂಗಿಲ್ಲ ಅಂದೀವಿ. ನಿಮ್ಮಲ್ಲಿ ಬಂದು ಕುಂದರಂಗಿಲ್ಲ ಅಂದಿಲ್ಲಲಾ," ಎಂದ. ಅವರು ಮಾತಿಗೆ ನಿಂತವರು, ಅದಕ್ಕೆ ನಾನು ನಗಲಾರೆ. ಯಾರ ಮಾತನ್ನು ಯಾರು ಬಿಡಿಸಬೇಕೆಂಬುದೂ ಗೊತ್ತಿತ್ತು: ಮಾತು ತೆಗೆದುಕೊಂಡವನೇ ತಿರುಗಿ ಕೊಡಬೇಕು. ಪೈಲ್ವಾನ ಕೊಡಲಿಲ್ಲ. ದಿನವೆಲ್ಲ ಏಣಿ ಹೊತ್ತು ಕಂಬ ಹತ್ತಿ ಇಳಿದು, ಹೋದಲ್ಲೆಲ್ಲ ಬೈಸಿಕೊಂಡು, ಸಂಜೆ ನಮ್ಮ ಓಣಿಯ ತುಂಬ ಚಪ್ಪಲಿ ಬಿಟ್ಟಿದ್ದನ್ನು ನೋಡಿ ಅವನ ಕಣ್ಣು ಕೆಂಪಾಗುತ್ತಿತ್ತು.

ಒಂದು ಮುಂಜಾನೆ ನಮ್ಮ ಲೈನು ಸತ್ತಿತ್ತು. ಮೋರಿಯ ಹತ್ತಿರ ಪೈಪು ನೆಲದ ಮೇಲೆ ಬರುವ ಜಾಗದಲ್ಲಿ ಯಾರೋ ಕೊಯ್ತಾದಿಂದ ಕಡಿದಿದ್ದರು. ಕಬ್ಬು ಕಡಿಯುವ ಕತ್ತಿಯ ಏಟು, ಒಂದೇ ಏಟು. ಮಿಲಿಂದ ಬಂದು ಬೆಸೆದ. ಎರಡು ದಿನ ಬಿಟ್ಟು ಮತ್ತೆ ಅಲ್ಲೇ ಕಡಿದರು. ನಾನು ನೇರ ಪೈಲ್ವಾನನ ಮನೆಯ ಮುಂದೆ ಹೋಗಿ ನಿಂತು, ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಅವನು ಊಟಕ್ಕೆ ಕೂತಿದ್ದ. ತಟ್ಟೆ ಸರಿಸಿ ಹೊರಗೆ ಬಂದು, ತುಂಬಿದ ತಂಬಿಗೆಯನ್ನು ನನ್ನ ಕಾಲ ಬುಡದ ಕಲ್ಲಿಗೆ ಅಪ್ಪಳಿಸಿದ. "ಊರ ಮಂದಿ ಭಂಡಾರ ಮುಟ್ಟ್ಯಾರ. ಆ ಮಂದೀನ ಅಂಗಡ್ಯಾಗ ಕುಂದರಿಸಿಕೊಂಡ ನೀ ನನ್ನ ಬಾಯಾಗ ಮಣ್ಣ ಹಾಕಾಕತ್ತಿ. ನಾ ಕಡದಿಲ್ಲ. ಕಡದಾಂವ ಸಿಕ್ಕರ ಅವಂಗ ಶಾಬಾಸ್ ಅಂತೀನಿ," ಎಂದ. ತಂಬಿಗೆ ಚಪ್ಪಟೆಯಾಗಿ ನನ್ನ ಸೀರೆಗೆ ನೀರು ಸಿಡಿದಿತ್ತು. ನಾನು ಒಂದು ಮಾತೂ ಆಡದೆ ತಿರುಗಿ ಬಂದೆ. ನಾನು ಬೈದಾಗ ಹೆದರಬೇಕಿಲ್ಲ, ಬಾಯಿ ಮುಚ್ಚಿದಾಗ ಹೆದರಬೇಕು ಎಂದು ನಮ್ಮ ಯಜಮಾನರು ಹೇಳುವುದುಂಟು.

ಮರುದಿನ ಮಧ್ಯಾಹ್ನ ಊರೆಲ್ಲ ಹೊಲದಲ್ಲಿತ್ತು. ಚಾವಡಿಯ ಹಿಂದೆ, ಕಬ್ಬಿನ ಗಾಡಿ ದಾರಿಯ ಮೇಲೆ, ಪೈಲ್ವಾನನ ದಪ್ಪ ವಾಯರು ಕೈಗೆ ಸಿಗುವಷ್ಟು ಜೋತುಬಿದ್ದಿತ್ತು. ಬದುವಿನ ಮೇಲೆ ನಿಂತು, ಸೆರಗು ಸಿಕ್ಕಿಸಿಕೊಂಡು, ಮನೆಯ ಕೊಯ್ತಾದಿಂದ ಹೊಡೆದೆ. ಒಂದು ಏಟಿಗೆ ಹರಿಯಲಿಲ್ಲ. ನಾಲ್ಕು ಹೊಡೆದೆ. ಹರಿದು ಬಿದ್ದ ತುದಿಯನ್ನು ಮತ್ತೆ ಹೊಡೆದೆ. ಅದು ವಾಯರಲ್ಲ, ಬೇವಿನ ಗಿಡದ ಕೆಳಗೆ ನಿಲ್ಲಿಸಿದ ಆ ದಿನವನ್ನೇ ಕಡಿದ ಹಾಗೆ ಹೊಡೆದೆ. ಮೈಯೆಲ್ಲ ಬೆವತಿತ್ತು, ಹಗುರಾಗಿತ್ತು. ಹಿತ್ತಲಲ್ಲಿ ಕೊಯ್ತಾ ತೊಳೆಯುವಾಗ ಮಿಲಿಂದ ಬಂದು ನೋಡಿದ. ಅಲಗಿನ ಮೇಲೆ ಕರಿ ರಬ್ಬರಿನ ಚೂರು ಅಂಟಿತ್ತು. ಅವನು ಚೂರನ್ನು ಉಗುರಿನಿಂದ ಕೆರೆದು ತೆಗೆದು, ಏನೂ ಕೇಳದೆ, ಊಟಕ್ಕೆ ಹಾಕು ಅಕ್ಕಾ ಎಂದ.

ಊರಲ್ಲೆಲ್ಲ ಪೈಲ್ವಾನನ ಲೈನು ಸತ್ತುಹೋಯಿತು. ಈ ಸಲ ಟ್ರ್ಯಾಕ್ಟರಿನ ಮೇಲೆ ತಪ್ಪು ಹಾಕಲು ಬರುವಂತಿರಲಿಲ್ಲ. ಏಟಿನ ಗುರುತು ಸ್ಪಷ್ಟವಿತ್ತು. ಮೂರನೆಯ ದಿನ ನಮ್ಮ ಓಣಿಯ ಎರಡು ಮನೆಗಳ ನೆಟ್ಟು ಮಂದವಾಗಿದೆಯೆಂದು ಮಿಲಿಂದ ಚೇಂಬರಿನ ಮುಚ್ಚಳ ಎತ್ತಿ, ಅಂಚಿಗೆ ನಿಲ್ಲಿಸಿ, ಗುಂಡಿಯೊಳಗೆ ಇಳಿದಿದ್ದ. ಎಲ್ಲಿ ಮುರಿದಿದೆಯೆಂದು ತಿಳಿಯಲು ಫೈಬರಿಗೆ ಕೆಂಪು ಬೆಳಕು ಬಿಡುವ ಒಂದು ಪೆನ್ನು ಇರುತ್ತದೆ. ಅದನ್ನು ಹಚ್ಚಿ ಬಾಗಿ ನೋಡುತ್ತಿದ್ದ. ನಾನು ಅಂಗಡಿಯ ಬಾಗಿಲಲ್ಲಿ ಗಂಗವ್ವನ ಕಾಗದ ನೋಡುತ್ತಿದ್ದೆ. ಪೈಲ್ವಾನ ಒಬ್ಬನೇ ಬಂದ. ಕೈಯಲ್ಲಿ ಏನೂ ಇರಲಿಲ್ಲ. ಆ ಕೈಗೆ ಏನೂ ಬೇಕಾಗಿಯೂ ಇರಲಿಲ್ಲ.

"ನನ್ನ ವಾಯರ್ ಕಡದಾಂವ ನೀನ ಅಲ್ಲೇನಲೇ?" ಎಂದ ಗುಂಡಿಯ ಅಂಚಿಗೆ ನಿಂತು. ಮಿಲಿಂದ ತಲೆ ಎತ್ತಿದ. ಒಮ್ಮೆ ನನ್ನ ಕಡೆ ನೋಡಿದ. ನನ್ನ ಬಾಯಿಂದ ಒಂದು ಮಾತು ಬರಬೇಕಿತ್ತು. ಬರಲಿಲ್ಲ. ಅವನು ಉತ್ತರ ಕೊಡದೆ, ಮೇಲೆ ಬರಲು ಬಲಗೈಯಿಂದ ಚೇಂಬರಿನ ಅಂಚು ಹಿಡಿದ. ಅಂಚಿಗೆ ನಿಲ್ಲಿಸಿದ್ದ ಮುಚ್ಚಳವನ್ನು ಪೈಲ್ವಾನ ಕಾಲಿನಿಂದ ಒದ್ದ.

ಸಿಮೆಂಟು ಬಿದ್ದ ಸಪ್ಪಳ ದೊಡ್ಡದಿತ್ತು. ಅದರ ಕೆಳಗಿನದು ಸಣ್ಣದು, ಹಸಿ ಕಟ್ಟಿಗೆ ಮುರಿದಂಥದು. ಆ ಸಣ್ಣದೇ ನನಗೆ ಕೇಳಿಸಿದ್ದು. ಚರ ತೋಡಲು ತಂದ ಹಾರೆ ಗೋಡೆಗೆ ಒರಗಿತ್ತು. ಎತ್ತಿದ್ದು ನೆನಪಿಲ್ಲ. ಪೈಲ್ವಾನ ನನ್ನ ಕಡೆ ತಿರುಗುವುದರೊಳಗೆ ಅವನ ಬಲ ಮೊಣಕಾಲಿಗೆ ಹೊಡೆದೆ. ಬೆಳ್ಳಿ ಗದೆ ಗೆದ್ದ ಗಂಡಸು ನೆಲಕ್ಕೆ ಬಿದ್ದು ಮಣ್ಣು ಕಚ್ಚಿದ. ಬಿದ್ದವನಿಗೆ ಇನ್ನೊಂದು ಹೊಡೆದೆ, ಅದೇ ಕಾಲಿಗೆ. ಮೂರನೆಯದಕ್ಕೆ ಎತ್ತಿದಾಗ ಎತ್ತಿದ್ದು ತಲೆಗೆ. ಗಂಗವ್ವ ಹಿಂದಿನಿಂದ ನನ್ನ ಜಡೆ ಹಿಡಿದು ಜಗ್ಗಿ ಕೆಡವಿದಳು. ಆ ಮುದುಕಿ ಇಲ್ಲದಿದ್ದರೆ ನಾನು ಇಂದು ಜೈಲಿನಲ್ಲಿ ಕೂತು ಇದನ್ನು ಬರೆಯಬೇಕಿತ್ತು.

ನಾಲ್ಕು ಜನ ಸೇರಿ ಮುಚ್ಚಳ ಎತ್ತಿದರು. ಮಿಲಿಂದನ ಹೆಬ್ಬೆರಳು, ತೋರುಬೆರಳು ಜಜ್ಜಿಹೋಗಿದ್ದವು. ಗುಂಡಿಯೊಳಗೆ ಆ ಕೆಂಪು ಬೆಳಕಿನ ಪೆನ್ನು ಇನ್ನೂ ಉರಿಯುತ್ತಿತ್ತು. ಊರಲ್ಲಿ ಅಷ್ಟು ಹೊತ್ತಿಗೆ ಇದ್ದದ್ದು ಡೇರಿಯ ಹಾಲಿನ ಗಾಡಿ ಒಂದೇ. ಕ್ಯಾನುಗಳ ನಡುವೆ ಇಬ್ಬರನ್ನೂ ಮಲಗಿಸಿದರು. ಒಂದು ಕಡೆ ಪೈಲ್ವಾನ ನರಳುತ್ತಿದ್ದ, ಇನ್ನೊಂದು ಕಡೆ ಮಿಲಿಂದ ಸುಮ್ಮನಿದ್ದ, ನಡುವೆ ನಾನು ಕೂತಿದ್ದೆ. ನಿಪ್ಪಾಣಿಯ ದವಾಖಾನೆಯಲ್ಲಿ ಒಂದೇ ಸಿಸ್ಟರ್, ಒಂದೇ ಸ್ಪಿರಿಟ್ ಬಾಟಲಿ. ಮೊದಲು ಅವನ ಮೊಣಕಾಲು ಒರೆಸಿದಳು, ಆಮೇಲೆ ಇವನ ಕೈ. ದಿನಾ ಆ ವಾಸನೆಯಲ್ಲೇ ಕೆಲಸ ಮಾಡಿದ ಹುಡುಗ ಮೂಗು ಅತ್ತ ತಿರುಗಿಸಿದ. ಡಾಕ್ಟರು ನನ್ನನ್ನು ಹೊರಗೆ ಕರೆದು, "ಬೆರಳ ಉಳೀತಾವ. ಹಿಡಿತಾನೂ ಬರ್ತೈತಿ. ನಾಜೂಕ ಕೆಲಸ ಆಗಂಗಿಲ್ಲ," ಎಂದರು. ಏನು ಕೆಲಸ ಮಾಡ್ತಾನ ಎಂದು ಕೇಳಿದರು. ನಾನು ಗೋಡೆಗೆ ತಲೆ ಕೊಟ್ಟು ಅತ್ತೆ.

ಠಾಣೆಗೆ ಹೋದರೆ ಅವನ ಮೇಲೊಂದು ಕೇಸು, ನನ್ನ ಮೇಲೊಂದು ಕೇಸು. ಹಾಗಾಗಿ ಇಬ್ಬರೂ ಹೋಗಲಿಲ್ಲ. ಹೋಳಿಯ ಹೊತ್ತಿಗೆ ಫ್ಯಾಕ್ಟರಿ ನಿಂತಿತು, ಊರು ಮತ್ತೆ ಚಾವಡಿಯಲ್ಲಿ ಸೇರಿತು. ಈ ಸಲ ನಮಗೆ ಕುಂದರ್ರಿ ಎಂದರು. ಕೂತೆವು. ಪೈಲ್ವಾನ ಪ್ಲಾಸ್ಟರ್ ಹಾಕಿದ ಕಾಲು ಚಾಚಿ ಕುರ್ಚಿಯಲ್ಲಿದ್ದ. ಕಲ್ಲಪ್ಪ ಕಾಕಾ ಭಂಡಾರದ ತಟ್ಟೆ ನಡುವೆ ಇಟ್ಟು, ಇನ್ನು ಮೇಲೆ ಯಾರೂ ಯಾರ ಮೈ ಮುಟ್ಟುವುದಿಲ್ಲ ಎಂದು ಆಣೆ ಆಗಲಿ ಎಂದ. ನಾನು ಕೈ ಎತ್ತಿದೆ.

"ಆಣಿ ಆಮ್ಯಾಲ ಕಾಕಾ. ಮೊದಲ ನನ್ನ ಮಾತ ಕೇಳ್ರಿ. ಬಾಳು ದಾದಾನ ವಾಯರ್ ಕಡದಾಕಿ ನಾನು. ಮಿಲಿಂದ ಅಲ್ಲ."

ಉಳಿದದ್ದನ್ನೂ ಹೇಳಿದೆ. ಇವರ ಫೈಬರ್ ಚಾವಡಿಗೆ ಮುಗಿಯುತ್ತದೆಂದು ಅವತ್ತೇ ನಮಗೆ ಗೊತ್ತಿತ್ತು, ಹೇಳಲು ನನ್ನ ತಮ್ಮ ಎತ್ತಿದ ಕೈಯನ್ನು ನಾನೇ ಹಿಡಿದು ಕೆಳಗೆ ಎಳೆದೆ, ಊರು ಹಾಳಾಗಲಿ ಎಂದೇ ಎಳೆದೆ ಎಂದೆ.

ಪೈಲ್ವಾನ ನನ್ನ ಕಡೆ ನೋಡಲೇ ಇಲ್ಲ. ಬ್ಯಾಂಡೇಜ್ ಸುತ್ತಿದ ಮಿಲಿಂದನ ಕೈಯನ್ನೇ ನೋಡುತ್ತಿದ್ದ. "ನೀ ಯಾಕ ಬಾಯಿ ಬಿಡಲಿಲ್ಲೋ ತಮ್ಮಾ?" ಎಂದ.

"ಬಿಟ್ಟಿದ್ರ ಅಕ್ಕನ್ನ ಬಡೀತಿದ್ರಿ," ಎಂದ ಮಿಲಿಂದ.

ಕುಸ್ತಿಯವರಿಗೆ ಅವರದೇ ಒಂದು ಮರ್ಯಾದೆ ಇದೆ. ಎದುರಾಳಿ ಅಲ್ಲದವನ ಕೈಕಾಲು ಮುರಿಯುವುದು ಅವರಲ್ಲಿ ಹೇಸಿಗೆಯ ಕೆಲಸ. ಪೈಲ್ವಾನ ಎರಡೂ ಕೈಯಿಂದ ಮುಖ ಒರೆಸಿಕೊಂಡ. "ನಿಮ್ಮ ಲೈನ್ ಕಡದಾಂವ ನಾನ. ಎರಡೂ ಸಲ. ನಾ ಅಲ್ಲ ಅಂತ ಸುಳ್ಳ ಹೇಳಿದ್ನಿ," ಎಂದ. ಆಮೇಲೆ ಬಾಗಿ, ತಟ್ಟೆಯಲ್ಲಿ ಬೆರಳದ್ದಿ, ಹಣೆಗೆ ಹಚ್ಚಿಕೊಂಡು, "ನನಗ ಕೊಟ್ಟ ಮಾತ ತಿರುಗಿ ಕೊಟ್ನಿ. ಯಾರ ಲೈನ್ ಬೇಕೋ ತಗೋರಿ," ಎಂದ. ಅಷ್ಟು ದೊಡ್ಡ ದೇಹ ಕುರ್ಚಿಯಲ್ಲಿ ಚಿಕ್ಕದಾಗಿ ಕಂಡಿತು. ನನಗೆ ಅವನ ಮೇಲಿನ ಸಿಟ್ಟು ಅವತ್ತೂ ಪೂರ್ತಿ ಇಳಿಯಲಿಲ್ಲ, ಇವತ್ತಿಗೂ ಇಳಿದಿಲ್ಲ. ನನ್ನ ಮೇಲಿನದು ಅದಕ್ಕಿಂತ ಹೆಚ್ಚಿದೆ.

ಬೇಸಿಗೆಯಲ್ಲಿ ಊರೆಲ್ಲ ಚರ ತೋಡಿದರು. ಪೈಲ್ವಾನನ ಆಳುಗಳೇ ಗುದ್ದಲಿ ಹಿಡಿದರು. ಚೇಂಬರು ಇದ್ದದ್ದು ನಮ್ಮ ಓಣಿಯ ಬಾಯಲ್ಲಿ, ಹಾಗಾಗಿ ಊರ ಮನೆ ಮನೆಗೂ ಎಳೆ ಹೋದದ್ದು ನಮ್ಮ ಓಣಿಯಿಂದ. ಬೆಸೆಯಲು ರಾಯಬಾಗ ಕಡೆಯ ಬೇರೊಬ್ಬ ಹುಡುಗ ಬಂದ. ಮಿಲಿಂದ ಅವನ ಪಕ್ಕ ಕೂತು ಹೇಳಿಕೊಡುತ್ತಿದ್ದ, ಆಮೇಲೆ ಅದನ್ನೂ ಬಿಟ್ಟ. ಕಾಯಂ ಮಾಡುವ ಮಾತು ಕಂಪನಿಯವರು ಮತ್ತೆ ಎತ್ತಲಿಲ್ಲ. ಆಫೀಸಿನಲ್ಲಿ ಕೂತು ತಕರಾರಿನ ಫೋನು ತೆಗೆದುಕೊಳ್ಳುವ ಕೆಲಸ ಕೊಟ್ಟರು.

ಮುಂಗಾರಿನ ಮಿರಗದ ಮಳೆ ಹಿಡಿದ ಒಂದು ದಿನ ಪೈಲ್ವಾನ ಕುಂಟುತ್ತ ಅಂಗಡಿಗೆ ಬಂದ. ರೈತರ ಯಾವುದೋ ಯೋಜನೆಗೆ ಬೆರಳಚ್ಚು ಕೊಡಬೇಕಿತ್ತು. ನಾನು ಸ್ಟೂಲು ಸರಿಸಿದೆ, ಅವನು ಕೂತ. ಹೆಬ್ಬೆರಳು ಇಟ್ಟ ಕೂಡಲೇ ಪರದೆ ಹಸಿರಾಯಿತು. "ಆತ?" ಎಂದ ಆಶ್ಚರ್ಯದಿಂದ. ಆಯಿತು ಎಂದೆ. ಮಳೆ ಜೋರಿತ್ತು, ಹೋಗದೆ ಬೆಂಚಿನ ತುದಿಗೆ ಕೂತ.

ಅಷ್ಟರಲ್ಲಿ ಮಿಲಿಂದ ನೆನೆದುಕೊಂಡು ಬಂದ. ಕಾರ್ಮಿಕ ಕಾರ್ಡು ಮಾಡಿಸಬೇಕಿತ್ತು. ನಾನು ಸ್ಪಿರಿಟ್ ಹತ್ತಿಯಿಂದ ಮಷೀನಿನ ಗಾಜು ಒರೆಸಿದೆ. ಅವನು ರೂಢಿಯಂತೆ ಬಲಗೈಯ ಹೆಬ್ಬೆರಳು ಇಟ್ಟ. ಹೊಲಿಗೆಯ ಗುರುತು ಬೆರಳಿಗೆ ಅಡ್ಡ ಹಾದು, ಒಂದು ಪಕ್ಕ ಗುಳಿ ಬಿದ್ದ ಬೆರಳು. ಗಾಲಿ ಒಂದು ಸುತ್ತೂ ತಿರುಗಲಿಲ್ಲ. ಪರದೆ ಕೆಂಪಾಯಿತು: ಬೆರಳಚ್ಚು ಹೊಂದಿಕೆಯಾಗುತ್ತಿಲ್ಲ.

ಬೆಂಚಿನ ಮೇಲಿನ ಪೈಲ್ವಾನ ನೆಲ ನೋಡಿದ. ಮಿಲಿಂದ ಬೆರಳನ್ನು ಇನ್ನೂ ಎತ್ತಿರಲಿಲ್ಲ. ಪರದೆಯನ್ನು ಓದಿ ಸಣ್ಣಗೆ ನಕ್ಕ.

"ಲೈನ್ ಭಾಳ ಚಲೋ ಐತಿ ಅಕ್ಕಾ. ಬೆರಳ ಎತ್ತೂದ್ರಾಗ ಇಲ್ಲ ಅಂತು."

ಎಡಗೈ ಇಡು ಎಂದೆ.